ಬ್ಯಾಬಿಲೋನಿನ ರಾಜನಿಗೆ ಒಂದು ಕೋಫಿ

“ಮನೆಗೆಲಸದವಳು ಡಿಗ್ರಿ ಮುಗಿಸ್ತಾಳಾ? ನೋ ಚಾನ್ಸ್, ಮೇಡಮ್,” ಎಂದವರು ನಮ್ಮ ವಿಭಾಗದ ಮುಖ್ಯಸ್ಥ ಶ್ರೀಧರ ಸರ್. ಕೋವಿಡ್ ಮುಗಿದ ಮರುವರ್ಷ. ನಾನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಖಾಸಗಿ ಕಾಲೇಜೊಂದರಲ್ಲಿ ಪ್ರಾಚೀನ ಇತಿಹಾಸ ಕಲಿಸುತ್ತಿದ್ದೆ. ನನ್ನಮ್ಮ ಮೈಸೂರಿನ ಹಾಸ್ಟೆಲಿನಲ್ಲಿ ಪಾತ್ರೆ ತೊಳೆದು ನನ್ನನ್ನು ಓದಿಸಿದ್ದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವರು ಹಾಗಂದದ್ದು ನನ್ನ ವಿದ್ಯಾರ್ಥಿನಿ ಅಕಿನ್ಯಿಯ ಬಗ್ಗೆ. ಅವಳು ಹಗಲು ಮುಥೈಗಾದ ಬಂಗಲೆಯಲ್ಲಿ ನೆಲ ಒರೆಸಿ, ಸಂಜೆ ಮಟಾಟು ವ್ಯಾನು ಹಿಡಿದು ತರಗತಿಗೆ ಬರುತ್ತಿದ್ದಳು. ಕೊನೆಯ ವರ್ಷದ ಪ್ರಬಂಧಕ್ಕೆ ಬ್ಯಾಬಿಲೋನಿನ ಸೃಷ್ಟಿಪುರಾಣವನ್ನು ಆರಿಸಿಕೊಂಡಳು. ಮರ್ದುಕ್ ದೇವರು ಕಡಲತಾಯಿ ತಿಯಾಮತಳನ್ನು ಸೀಳಿ ಆಕಾಶ, ಭೂಮಿ ಮಾಡಿ ದೇವರುಗಳಿಗೇ ದೊರೆಯಾಗುತ್ತಾನೆ. ದೇವರುಗಳ ಚಾಕರಿಗೆಂದು, ಸೋತ ದೇವನೊಬ್ಬನ ರಕ್ತದಿಂದ ಮನುಷ್ಯ ಹುಟ್ಟುತ್ತಾನೆ. ನೆಲದ ರಾಜ ಆಳುವುದು ಮರ್ದುಕನ ಹೆಸರಿನಲ್ಲಿ.

“ಚಾಕರಿಗೇ ಹುಟ್ಟಿದವರು ಅಂತ ಬರೆದಿದ್ದು ಯಾರು, ಟೀಚರ್? ಚಾಕರಿ ಮಾಡಿಸ್ಕೊಂಡವರೇ ತಾನೆ?” ಎಂದಳು ಒಮ್ಮೆ.

ಪ್ರಬಂಧದಲ್ಲಿ ಅವಳು ಹಿಡಿದದ್ದು ಬ್ಯಾಬಿಲೋನಿನ ಹೊಸ ವರ್ಷದ ಹಬ್ಬವನ್ನು. ಅಂದು ಪುರೋಹಿತ ರಾಜನ ಕಿರೀಟ, ರಾಜದಂಡ ಕಿತ್ತುಕೊಳ್ಳುತ್ತಿದ್ದ. ಮುಂದಿನ ವಾಕ್ಯ ಅವಳ ಕೈಬರಹದ ಇಂಗ್ಲಿಷ್ ಕರಡಿನಲ್ಲಿ ಹೀಗಿತ್ತು: ‘ಪುರೋಹಿತ ರಾಜನಿಗೆ ಕೋಫಿ ಕೊಡುತ್ತಾನೆ.’ ಪಕ್ಕದಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದೆ: ‘ಬ್ಯಾಬಿಲೋನಿನಲ್ಲಿ ಕಾಫಿ ಇರಲಿಲ್ಲ!’

ಅವಳು ಬಿದ್ದು ಬಿದ್ದು ನಕ್ಕಳು. “ಕುಡಿಯೋದು ಕಹಾವಾ, ಟೀಚರ್. ಸ್ವಾಹಿಲಿಯಲ್ಲಿ ಕೋಫಿ ಅಂದ್ರೆ ಕಪಾಳಕ್ಕೆ ಏಟು!”

ನಾನೂ ನಕ್ಕೆ. ಆದರೆ ಆ ಪದ ಹೊಡೆದುಹಾಕಿ ‘ರಿಚುವಲ್ ಹ್ಯುಮಿಲಿಯೇಷನ್’ ಎಂದು ಬರೆಸಿದೆ. ಕಷ್ಟಪಟ್ಟು ಇಂಗ್ಲಿಷ್ ಕಲಿತವರ ಚಟ ಅದು.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಶ್ರೀಧರ ಸರ್ ಅದೇ ಪದದ ಮೇಲೆ ಬೆರಳಿಟ್ಟರು. “ಇದು ಇವಳ ಇಂಗ್ಲಿಷಾ? ಎಲ್ಲಿಂದಲೋ ಕಾಪಿ. ಫೇಲ್ ಮಾಡಿ.” ಅಕಿನ್ಯಿಯ ನಾಲ್ಕು ವರ್ಷದ ದುಡಿಮೆ ನನ್ನ ಶೋಕಿಗೆ ಬಲಿಯಾಗುವುದರಲ್ಲಿತ್ತು.

ನಾನು ಕರಡನ್ನು ಮೇಜಿನ ಮೇಲೆ ಕುಕ್ಕಿದೆ. “ಆ ಪದ ನನ್ನದು ಸರ್, ತಪ್ಪೂ ನನ್ನದು. ಅವಳದ್ದು ಇದು, ಓದಿ. ಕಾಪಿ ಹೊಡೆಯೋರು ಕೋಫಿ ಅಂತ ಬರೀತಾರಾ?”

ಹೊರಗಿನಿಂದ ಬಂದಿದ್ದ ಕೀನ್ಯಾದ ಪರೀಕ್ಷಕಿ ನನ್ನ ಕೆಂಪು ಟಿಪ್ಪಣಿ ಓದಿ ನಗು ತಡೆದುಕೊಂಡರು. ಆಮೇಲೆ ಅಕಿನ್ಯಿಯನ್ನು ಕೇಳಿದರು: “ರಾಜನಿಗೆ ಈ ಏಟು ಯಾಕೆ?”

“ಪ್ರಜೆಗಳ ಕೆನ್ನೆಗೆ ನಾನು ಹೊಡೆದಿಲ್ಲ ಅಂತ ಅವನು ಆಣೆ ಇಡಬೇಕಿತ್ತು, ಮೇಡಮ್. ಏಟಿನ ಉರಿಯೇ ಗೊತ್ತಿಲ್ಲದವನ ಆಣೆ ಯಾರಿಗೆ ಬೇಕು?” ಅವಳು ನೋಡುತ್ತಿದ್ದದ್ದು ಶ್ರೀಧರ ಸರ್ ಕಡೆಗೆ. ಪರೀಕ್ಷಕಿ ಅಲ್ಲೇ ‘ಪಾಸ್’ ಎಂದು ಸಹಿ ಹಾಕಿದರು.

ಗೊತ್ತಿಲ್ಲದ ಪದ ಕಂಡರೆ ಮೊದಲು ಅರ್ಥ ಕೇಳಬೇಕು, ಕೆಂಪು ಶಾಯಿ ಆಮೇಲೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.

ಘಟಿಕೋತ್ಸವದಲ್ಲಿ ಸರ್ಟಿಫಿಕೇಟ್ ಅಕಿನ್ಯಿಯ ಕೈಗೆ ಬಂತು. ಮೈಕಿನವನು “ಮಕೋಫಿ!” ಎಂದು ಕೂಗಿದ, ಸಭೆಯೆಲ್ಲ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿದ್ದ ಶ್ರೀಧರ ಸರ್ ಕೂಡ ತಟ್ಟಲೇಬೇಕಾಯಿತು. ಪಕ್ಕದಲ್ಲಿದ್ದ ಅಕಿನ್ಯಿಯ ತಾಯಿ ನನ್ನ ಕೈ ಹಿಡಿದು ಹೇಳಿದಳು: “ಒಂದಾದ್ರೆ ಕೋಫಿ, ಟೀಚರ್. ಇಷ್ಟೊಂದಾದ್ರೆ ಮಕೋಫಿ. ನನ್ನ ಮಗಳು ಒಂದನ್ನ ತಿಂದು ಇಷ್ಟನ್ನ ತಗೊಂಡ್ಲು.”