ಕಂಕುಳಲ್ಲಿದ್ದ ವರದಿ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಒತ್ತಕ್ಷರದಮ್ಮ ಎಂದು. ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು. ಬಿಟ್ಟುಹೋದ ಒಂದು ಒತ್ತಕ್ಷರವೂ ಅದರಿಂದ ತಪ್ಪಿಸಿಕೊಂಡದ್ದಿಲ್ಲ. ಅಚ್ಚುಕೂಟ ಮುಚ್ಚಿದ ಮೇಲೆ, ನಲವತ್ತೇಳನೇ ವಯಸ್ಸಿನಲ್ಲಿ, ಪ್ರೋಗ್ರಾಂ ಬರೆಯಲು ಕಲಿತು ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಸೇರಿದರು. “ಈ ವಯಸ್ಸಲ್ಲಿ ಅಆಇಈನಾ?” ಎಂದು ನಾದಿನಿ ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ, ಅವಳಿಗೆ ಬೇರೆ ಕೆಲಸವಿಲ್ಲ.

ಆ ಬೆಳಿಗ್ಗೆ ದಾದಿ ಓಡಿಬಂದಳು. ಮೂರು ದಿನದ ಹಸುಗೂಸಿನ ರಕ್ತದ ವರದಿ ಪರದೆಗೆ ಬಂದಿರಲಿಲ್ಲ. ಹೊರಗಿನ ಪರೀಕ್ಷಾಲಯದವರು ಕಳಿಸಿಯಾಗಿತ್ತು. ಆಮೇಲೆ ಅವರ ಫೋನೂ ಇಂಟರ್ನೆಟ್ಟೂ ಸತ್ತಿದ್ದವು.

“ಅಂಗೈಯಷ್ಟಿದೆ ಅಮ್ಮಾ ಮಗು. ಇನ್ನೊಂದ್ಸಲ ಚುಚ್ಚಿ ರಕ್ತ ತೆಗೀರಿ ಅಂತಿದಾರೆ ಡಾಕ್ಟ್ರು.”

ಕಂಪ್ಯೂಟರ್ ವಿಭಾಗದ ಸಾಹೇಬರ ಬಳಿ ಎಲ್ಲ ರೋಗಕ್ಕೂ ಒಂದೇ ಮದ್ದು. “ಆಫ್ ಮಾಡಿ ಆನ್ ಮಾಡೋಣ.”

“ತಡೀರಿ ಸಾರ್!” ಎಂದರು ಒತ್ತಕ್ಷರದಮ್ಮ. “ವರದಿ ಇನ್ನೂ ಎಲ್ಲೂ ಉಳಿಸಿಲ್ಲ, ಬರೀ ಮೆಮೊರಿಯಲ್ಲಿದೆ. ಆಫ್ ಮಾಡಿದ್ರೆ ಹೋಯ್ತು.”

ಪರದೆಯ ಮೇಲೆ ‘ಈ ಹೆಸರಿನ ಫೈಲ್ ಸಿಗಲಿಲ್ಲ’ ಎಂಬ ದೂರು; ಅದರ ಬೆನ್ನಿಗೆ ನಲವತ್ತು ಸಾಲು ಗಿಜಿಗಿಜಿ. ಅದನ್ನೆಲ್ಲ ಯಾರು ಓದುತ್ತಾರೆ? ಕರಡು ತಿದ್ದಿದವರು ಓದುತ್ತಾರೆ. ಒತ್ತಕ್ಷರದಮ್ಮ ಬೆರಳಿಟ್ಟು ಓದಿದರು. ತೆರೆಯುವ ಗುರುತು, ಒಳಗೊಂದು ಮಾತು, ಮುಚ್ಚುವ ಗುರುತು. ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಕಳಿಸುವ ಎಕ್ಸ್‌ಎಂಎಲ್ ಬರಹದ ಲಕ್ಷಣವೇ ಅದು. ಇದು ಫೈಲಿನ ಹೆಸರೇ ಅಲ್ಲ, ವರದಿ!

ತಪ್ಪು ಅವರದೇ. ನಗುವವರ ಮುಂದೆ ಎಡವಿ ಬಿದ್ದಂತಾಯಿತು; ಆದರೂ ಮುಚ್ಚಿಡಲಿಲ್ಲ.

“ನಿನ್ನೆ ನಾನೇ ಬರೆದ ಸಾಲು ಸಾರ್. ‘ಈ ಬರಹ ಓದು’ ಅನ್ನೋ ಕಡೆ ‘ಈ ಫೈಲ್ ಓದು’ ಅಂದ್ಬಿಟ್ಟಿದೀನಿ. ಪಾಪ, ಇಡೀ ವರದಿನೇ ಹೆಸರು ಅಂದ್ಕೊಂಡು ಹುಡುಕ್ತಾ ಇದೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗೆ!”

ಆ ನಲವತ್ತು ಸಾಲನ್ನು ಜೋಪಾನವಾಗಿ ನಕಲು ಮಾಡಿಕೊಂಡರು, ತಮ್ಮ ಪ್ರೋಗ್ರಾಂನಲ್ಲಿ ಒಂದೇ ಒಂದು ಪದ ತಿದ್ದಿದರು, ನಕಲನ್ನು ಅದಕ್ಕೆ ಓದಲು ಕೊಟ್ಟರು. ಅಬ್ಬಬ್ಬಾ! ರೆಪ್ಪೆ ಬಡಿಯುವಷ್ಟರಲ್ಲಿ ಆ ಗಿಜಿಗಿಜಿಯೆಲ್ಲ ಕವಲೊಡೆದು ನಿಂತಿತು: ವರದಿಯೊಳಗೆ ರೋಗಿ, ರೋಗಿಯೊಳಗೆ ಪರೀಕ್ಷೆ, ಪರೀಕ್ಷೆಯೊಳಗೆ ಅಂಕಿ. ಒಂದು ಗುರುತೂ ಮುಚ್ಚದೆ ಉಳಿದಿರಲಿಲ್ಲ. ಜೀವಮಾನವೆಲ್ಲ ಅಕ್ಷರ ನೋಡಿದವರಿಗೆ ಮೈ ಝುಮ್ಮೆಂದಿತು. ಸಾಹೇಬರೂ ಮೂಗಿನ ಮೇಲೆ ಬೆರಳಿಟ್ಟರು.

ದಾದಿ ಹಾಸಿಗೆಯ ನಂಬರು ತಾಳೆ ನೋಡಿ ಅಂಕಿ ಬರೆದುಕೊಂಡಳು. “ಚುಚ್ಚೋದು ಬೇಡ ಅಮ್ಮಾ!” ಎನ್ನುತ್ತಲೇ ಓಡಿದಳು.

ಒತ್ತಕ್ಷರದಮ್ಮ ಕುರ್ಚಿ ಬಿಟ್ಟು ಏಳದೆ ವರದಿಯನ್ನು ಮೊದಲಿಂದ ಇನ್ನೊಮ್ಮೆ ಓದಿದರು. ಮಗುವಿಗಿನ್ನೂ ಹೆಸರಿಟ್ಟಿರಲಿಲ್ಲ, ಹೆಸರಿನ ಜಾಗದಲ್ಲಿ ‘ಕೂಸು’ ಎಂದಷ್ಟೇ ಇತ್ತು.