ಸ್ಟೇರಿಂಗ್ ಮುಂದೆ ಕೂತ ನಾದಿನಿ

ನನ್ನ ನಾದಿನಿ ಕೋಪಿಷ್ಠೆ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಅವಳಿಗೆ ಕೋಪ ಬರಿಸಿದವರೇ. ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಅವಳಿನ್ನೂ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದ ಹುಡುಗಿ. ಈಗ ನಗರ ಸಾರಿಗೆಯ ಬಸ್ ಓಡಿಸುತ್ತಾಳೆ. ಅವಳ ರೂಟಿನ ಪ್ರಯಾಣಿಕರು ಅವಳನ್ನು ಡ್ರೈವರಮ್ಮ ಎಂದೇ ಕರೆಯುವುದು.

ನಮ್ಮ ಮಾವ ಲಾರಿ ಓಡಿಸುತ್ತಿದ್ದರಂತೆ. ಗೋಡೌನುಗಳ ಹಿಂದಿನ ಖಾಲಿ ಜಾಗದಲ್ಲಿ ಮಗನಿಗೂ ಮಗಳಿಗೂ ಒಂದೇ ಲಾರಿಯಲ್ಲಿ ಗೇರ್ ಹಾಕುವುದನ್ನು ಕಲಿಸಿದರು. ನಾನು ಆ ಮನೆಗೆ ಹೋಗುವ ಮೊದಲೇ, ಒಂದು ದಿನ ಎದುರಿಂದ ಬಂದ ಇನ್ನೊಂದು ಲಾರಿ ಗುದ್ದಿ ಅವರು ತೀರಿಕೊಂಡರು. ಅದನ್ನು ಓಡಿಸುತ್ತಿದ್ದವನು ಕಂಠಪೂರ್ತಿ ಕುಡಿದಿದ್ದ. ಅವರ ಮುಖ ನಾನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ.

ಸಾರಿಗೆಯವರು ಡ್ರೈವರ್ ಕೆಲಸಕ್ಕೆ ಅರ್ಜಿ ಕರೆದಾಗ ಅಣ್ಣ ತಂಗಿ ಇಬ್ಬರೂ ಹಾಕಿದರು. ಆ ಸಲ ಕೆಲವು ಹುದ್ದೆಗಳನ್ನು ಹೆಂಗಸರಿಗೆಂದು ಮೀಸಲಿಟ್ಟಿದ್ದರು. ತಂಗಿಗೆ ಕೆಲಸ ಸಿಕ್ಕಿತು, ಅಣ್ಣನಿಗೆ, ಅಂದರೆ ನನ್ನ ಗಂಡನಿಗೆ, ಸಿಗಲಿಲ್ಲ. ಅವರು ಟ್ಯಾಕ್ಸಿ ಓಡಿಸತೊಡಗಿದರು. ಅಂದಿನಿಂದ ನಮ್ಮ ಮನೆಯಲ್ಲಿ ಊಟವೆಂದರೆ ಚರ್ಚಾಕೂಟ. ಟಿವಿ ಏನನ್ನು ಎಸೆದರೂ ಇವರಿಬ್ಬರೂ ಎರಡು ತುದಿ ಹಿಡಿದು ಎಳೆಯುವವರೇ. ಯುದ್ಧ, ಚುನಾವಣೆ, ಶಾಲೆಯ ಪಠ್ಯ, ಯಾವುದೂ ಆಗಬಹುದು. ಕೊನೆಗೆ ಎಲ್ಲವೂ ಬಂದು ನಿಲ್ಲುತ್ತಿದ್ದುದು ಅದೇ ಒಂದು ಜಾಗದಲ್ಲಿ.

"ನಿನ್ನ ಸೀಟನ್ನ ನಾನು ಕಿತ್ಕೊಂಡಿಲ್ಲ ಅಣ್ಣಾ. ನೀನು ನಿಂತಿದ್ದ ಸಾಲೇ ಬೇರೆ, ನಾನು ನಿಂತಿದ್ದ ಸಾಲೇ ಬೇರೆ."

"ನಿನ್ನ ಸಾಲು ಮಾಡದೇ ಇದ್ದಿದ್ರೆ ನನ್ನ ಸಾಲು ಇನ್ನಷ್ಟು ಮುಂದೆ ಹೋಗ್ತಿತ್ತು."

"ಅಪ್ಪನ ಕಾಲದಿಂದ ಇದ್ದಿದ್ದು ಒಂದೇ ಸಾಲು. ಅದರಲ್ಲಿ ನಿಲ್ಲೋಕೆ ಯಾವ ಹೆಂಗಸನ್ನ ಬಿಟ್ಟಿದ್ರು ಹೇಳು ನೋಡೋಣ."

"ಅದಕ್ಕೆ ನಾನೇನು ಮಾಡ್ಲಿ? ನಿಲ್ಲಬೇಡಿ ಅಂತ ನಾನಾ ಹೇಳಿದ್ದು?"

ಅತ್ತೆ ನಡುವೆ ಬಾಯಿ ಹಾಕುತ್ತಿದ್ದರು. "ಇಬ್ರೂ ಬಾಯಿ ಮುಚ್ಕೊಂಡು ತಿನ್ರೋ. ಆರೋದು ಊಟ, ನಿಮ್ಮ ಜಗಳ ಅಲ್ಲ." ಇಬ್ಬರೂ ಸುಮ್ಮನಾಗುತ್ತಿದ್ದರು, ಮಾರನೆಯ ಊಟದವರೆಗೆ. ನನಗೆ ಇಬ್ಬರ ಮಾತೂ ಸರಿಯೆನಿಸುತ್ತಿತ್ತು. ಅದನ್ನು ಒಮ್ಮೆ ಹೇಳಿದ್ದಕ್ಕೆ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು.

ಹೀಗಿರುವಾಗ ನಗರಕ್ಕೆ ತಾನೇ ಓಡುವ ಬಸ್ಸು ಬಂತು. ಯಾವುದೋ ಕಂಪನಿಯವರು ಸಾರಿಗೆಯ ಜೊತೆ ಒಪ್ಪಂದ ಮಾಡಿಕೊಂಡು ಪ್ರಯೋಗಕ್ಕೆಂದು ಒಂದು ಬಸ್ಸು ಬಿಟ್ಟರು. ಡ್ರೈವರ್ ಬೇಡ. ಆದರೂ ಜನಕ್ಕೆ ಧೈರ್ಯ ಬರಲೆಂದು ಸ್ಟೇರಿಂಗ್ ಮುಂದೆ ಒಬ್ಬರು ಕೂತಿರಬೇಕು. ಅದಕ್ಕೆ ಡಿಪೋದವರು ನನ್ನ ನಾದಿನಿಯನ್ನು ಆರಿಸಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಹೊಸ ಬಸ್ಸು, ಹೊಸ ಸಮವಸ್ತ್ರ, ನಗುವ ಹೆಂಗಸು.

ಆ ದಿನ ನನ್ನ ಗಂಡ ತಟ್ಟೆ ಮುಂದೆ ಕೂರಲೇ ಇಲ್ಲ, ನಿಂತೇ ಮಾತಾಡಿದರು. "ನನ್ನ ಹೊಟ್ಟೆ ಮೇಲೆ ಹೊಡೆಯೋ ಗಾಡಿಗೆ ನೀನು ಹೋಗಿ ಬೊಂಬೆ ಥರ ಕೂರ್ತೀಯಾ? ಇವತ್ತು ಬಸ್ಸು, ನಾಳೆ ಟ್ಯಾಕ್ಸಿ."

"ಅಪ್ಪನಿಗೆ ಗುದ್ದಿದವನು ಕುಡಿದಿದ್ದ. ಯಂತ್ರ ಕುಡಿಯುತ್ತಾ? ನಿದ್ದೆಗೆಟ್ಟು ಓಡಿಸುತ್ತಾ? ಫೋನ್ ನೋಡ್ಕೊಂಡು ಓಡಿಸುತ್ತಾ? ಜನ ಸಾಯೋದು ಕಮ್ಮಿಯಾಗುತ್ತೆ ಅಂದ್ರೆ ನನ್ನ ಕೆಲಸ ಹೋದ್ರೂ ಹೋಗ್ಲಿ."

"ಕುಡಿಯಲ್ಲ, ಒಪ್ಕೊಂಡೆ. ಆದ್ರೆ ಅಪ್ಪನಿಗೆ ಗುದ್ದಿದವನನ್ನ ಜೈಲಿಗಾದ್ರೂ ಹಾಕಿದ್ರು. ಇದು ಗುದ್ದಿದ್ರೆ ಯಾರನ್ನ ಹಾಕ್ತಾರೆ?"

"ಗುದ್ದಲ್ಲ" ಎಂದಳು. ಅವಳು ಅದನ್ನು ನಂಬಿದ್ದಳು. ಅವಳು ಹಾಗೆಯೇ, ಏನು ಮಾಡಿದರೂ ಪೂರ್ತಿ ನಂಬಿಯೇ ಮಾಡುವುದು.

ಮೊದಲ ವಾರ ಅವಳು ಕೆಲವು ಸಲ ಸ್ಟೇರಿಂಗ್ ಹಿಡಿದಳಂತೆ. ತಿರುವಿನಲ್ಲಿ ಬಸ್ಸು ಫುಟ್‌ಪಾತಿಗೆ ತೀರಾ ಹತ್ತಿರ ಹೋಯಿತು ಎಂದು ಒಮ್ಮೆ, ನಾಯಿ ಅಡ್ಡ ಬಂತು ಎಂದು ಇನ್ನೊಮ್ಮೆ. ಕಂಪನಿಯ ಎಂಜಿನಿಯರಿಗೆ ಸಿಟ್ಟು ಬಂತು. "ನೀವು ಹೀಗೆ ಮುಟ್ಟುತ್ತಾ ಇದ್ರೆ ಅದು ಕಲಿಯೋದು ಯಾವಾಗ ಮೇಡಂ? ಭಯ ಆದ್ರೆ ಹೇಳಿ, ಬೇರೆಯವರನ್ನ ಕೂರಿಸ್ತೀವಿ. ಕೈ ತೊಡೆ ಮೇಲಿರಲಿ." ಡಿಪೋ ಮ್ಯಾನೇಜರ್ ಕರೆದು ಅದನ್ನೇ ಹೇಳಿದ. ಭಯ ಎಂಬ ಮಾತು ಅವಳಿಗೆ ನಾಟಿತು. ಡಿಪೋದ ಗಂಡಸರೆಲ್ಲ ಕಾಯುತ್ತಿದ್ದುದು ಆ ಮಾತಿಗೇ. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಅಪಘಾತವಾದದ್ದು ಹಾಡುಹಗಲಲ್ಲಿ, ಪರದೆ ಬಟ್ಟೆಯ ಅಂಗಡಿಗಳ ಬೀದಿಯಲ್ಲಿ. ಒಬ್ಬ ದರ್ಜಿ ಹೆಂಗಸು ಹೊಲಿದ ಬಟ್ಟೆಗಳ ದೊಡ್ಡ ಗಂಟನ್ನು ಸೈಕಲ್ಲಿನ ಹಿಂದೆ ಕಟ್ಟಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಬಸ್ಸು ನಿಧಾನ ಮಾಡಲಿಲ್ಲ. ಈಗ ಮಾಡುತ್ತದೆ, ಈಗ ಮಾಡುತ್ತದೆ ಎಂದು ನಾದಿನಿ ಕಾದಳು. ಮಾಡದೆ ಇದ್ದಾಗ ಬ್ರೇಕಿನ ಮೇಲೆ ಕಾಲಿಟ್ಟು ಒದ್ದಳು. ಬಸ್ಸು ನಿಂತಿತು. ಆದರೆ ನಿಲ್ಲುವ ಮೊದಲು ಅದರ ಮೂಲೆ ಸೈಕಲ್ಲಿಗೆ ತಾಕಿತು, ಸೈಕಲ್ಲು ಆ ಹೆಂಗಸಿನ ಮೇಲೆ ಬಿತ್ತು, ಆಕೆಯ ಬಲಗಾಲಿನ ಮೂಳೆ ಮುರಿಯಿತು. ಹೆಂಗಸನ್ನು ಎತ್ತಿ ತನ್ನ ಮಡಿಲಲ್ಲಿ ಮಲಗಿಸಿಕೊಂಡವಳು ನಾದಿನಿಯೇ. ಸುತ್ತ ನಿಂತವರು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು.

ಸಾರಿಗೆಯವರು ಅವಳನ್ನು ಅಮಾನತು ಮಾಡಿದರು. "ಮೇಲ್ವಿಚಾರಣೆಗೆ ಕೂತ ಸಿಬ್ಬಂದಿ ಸಕಾಲದಲ್ಲಿ ಎಚ್ಚೆತ್ತುಕೊಳ್ಳಲಿಲ್ಲ" ಎಂದು ಕಂಪನಿ ಹೇಳಿಕೆ ಕೊಟ್ಟಿತು. ಅಲ್ಲಿಂದ ಊರಿಗೆ ಊರೇ ನ್ಯಾಯಾಧೀಶನಾಯಿತು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಕೆಮ್ಮಿನ ಔಷಧಿಗೆ ಬಂದ ಒಬ್ಬ ದೊಡ್ಡಮನುಷ್ಯ ಪಕ್ಕದವನಿಗೆ ಹೇಳುತ್ತಿದ್ದ: "ಹೆಂಗಸರ ಕೈಗೆ ಬಸ್ ಕೊಟ್ರೆ ಇನ್ನೇನಾಗುತ್ತೆ? ಕೋಟಾದಲ್ಲಿ ಬಂದವಳಂತೆ."

"ಈ ಔಷಧಿನೂ ಹೆಂಗಸಿನ ಕೈಯಿಂದಾನೇ ಕೊಡ್ತಿರೋದು, ಪರವಾಗಿಲ್ವಾ ಸಾರ್?" ಎಂದೆ. ನಗುತ್ತಲೇ ಹೇಳುತ್ತೇನೆ ಎಂದುಕೊಂಡಿದ್ದೆ. ಬಾಟಲಿ ಕೌಂಟರಿನ ಮೇಲೆ ಜೋರಾಗಿಯೇ ಕೂತಿತು. ಮಾಲೀಕರು ಒಳಗಿನಿಂದ ಇಣುಕಿ ನೋಡಿದರು.

ಆ ವಾರವೇ ನನ್ನ ಗಂಡನಿಗೆ ಟಿವಿಯವರಿಂದ ಕರೆ ಬಂತು. ಅವರು ಟ್ಯಾಕ್ಸಿ ಚಾಲಕರ ಸಂಘದ ಕಾರ್ಯದರ್ಶಿ. ತಾನೇ ಓಡುವ ಗಾಡಿಗಳ ವಿರುದ್ಧ ಮಾತಾಡಲು ಒಬ್ಬರು ಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ತಂಗಿಗೆ ಹೇಳಿದರು: "ನೋಡ್ತಿರು. ಆ ಕಂಪನಿಯವನನ್ನ ಹೇಗೆ ತರಾಟೆಗೆ ತಗೋತೀನಿ ಅಂತ."

ನಾವು ಮೂವರೂ ಟಿವಿ ಮುಂದೆ ಕೂತೆವು. ಕಂಪನಿಯವನು ನಯವಾಗಿ ಮಾತಾಡಿದ. ತಮ್ಮ ಯಂತ್ರ ಎಷ್ಟು ಸುರಕ್ಷಿತ, ಮನುಷ್ಯರು ಓಡಿಸುವಾಗ ಎಷ್ಟು ಜನ ಸಾಯುತ್ತಾರೆ ಎಂದೆಲ್ಲ ಹೇಳಿದ. ನನ್ನ ಗಂಡ ಚೆನ್ನಾಗಿಯೇ ಉತ್ತರ ಕೊಟ್ಟರು. ನಾದಿನಿ ಸೋಫಾದ ತುದಿಗೆ ಸರಿದು ಕೂತಿದ್ದಳು. ಆಗ ನಿರೂಪಕ ಕೇಳಿದ: "ಅಲ್ಲಿ ಕೂತಿದ್ದ ಚಾಲಕಿ ಮಹಿಳಾ ಮೀಸಲಾತಿಯಲ್ಲಿ ಬಂದವರಂತೆ. ಹಾಗಾದರೆ ಪ್ರಶ್ನೆ ಯಂತ್ರದ್ದಾ, ಅರ್ಹತೆಯದ್ದಾ?" ಕಂಪನಿಯವನು ಭುಜ ಹಾರಿಸಿ, "ಸಿಬ್ಬಂದಿಯನ್ನ ಆರಿಸಿದ್ದು ನಾವಲ್ಲ" ಎಂದ. ಪರದೆಯ ಕೆಳಗೆ ದಪ್ಪ ಅಕ್ಷರದಲ್ಲಿ 'ಅರ್ಹತೆಯೋ, ಕೋಟಾವೋ?' ಎಂದು ಬಂತು. ನಿರೂಪಕ ನನ್ನ ಗಂಡನ ಕಡೆ ತಿರುಗಿದ. "ನೀವೇನಂತೀರಿ?"

ಅವರು ಬಾಯಿ ತೆರೆದರು. ಮುಚ್ಚಿದರು. ನೀರಿನ ಲೋಟ ಎತ್ತಿಕೊಂಡರು. ಅಷ್ಟರಲ್ಲಿ ಜಾಹೀರಾತು ಬಂತು.

ಅತ್ತೆ ಟಿವಿ ಆರಿಸಿದರು. ನಾದಿನಿಯ ಕತ್ತಿನ ನರ ಎದ್ದು ನಿಂತದ್ದನ್ನು ನಾನು ನೋಡಿದೆ.

ಅವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಮಾತಾಡೋಕೆ ಅವಕಾಶ ಕೊಡ್ಲಿಲ್ಲ" ಎಂದರು.

"ಕೊಟ್ಟ. ನೀವೇನಂತೀರಿ ಅಂತ ಕೇಳಿದ. ಮನೇಲಿ ನಿನಗೆ ಯಾರೂ ಮೈಕ್ ಕೊಡಬೇಕಾಗಿಲ್ಲ. ಅಲ್ಲಿ ಮೈಕ್ ಎದೆ ಮೇಲೇ ಇತ್ತು, ಮಾತೇ ಬರ್ಲಿಲ್ಲ."

"ಏನಂತ ಹೇಳ್ಬೇಕಿತ್ತು? ಕೋಟಾ ಸರಿ ಅಂತ ಹೇಳ್ಬೇಕಿತ್ತಾ? ನಾನು ಅದನ್ನ ಒಪ್ಪಲ್ಲ, ನಿನಗೇ ಗೊತ್ತು."

"ಒಪ್ಪಬೇಡ! ಅವಳು ನನ್ನ ತಂಗಿ, ನಮ್ಮಪ್ಪ ಇಬ್ಬರಿಗೂ ಒಂದೇ ಲಾರಿಯಲ್ಲಿ ಕಲಿಸಿದ್ದು, ಅವಳಿಗೆ ಓಡಿಸೋಕೆ ಬರುತ್ತೆ ಅಂತ ಅಷ್ಟೇ ಹೇಳೋಕಾಗ್ಲಿಲ್ವಾ? ಮೂರು ಮಾತು. ಅದು ನಿಜಾನೋ ಸುಳ್ಳೋ?"

"ನಿಜ."

"ಹಾಗಾದ್ರೆ ಯಾಕೆ ಹೇಳ್ಲಿಲ್ಲ?"

ಅವರು ಚಪ್ಪಲಿ ಬಿಡಲು ಬಗ್ಗಿದರು. ನನಗೆ ಗಂಡನ ಮೇಲೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅಭಿಪ್ರಾಯ ಬೇರೆಯಿದ್ದರೆ ಇರಲಿ. ಮನೆಯೊಳಗೆ ಸಿಂಹದಂತೆ ಗರ್ಜಿಸಿ, ಹೊರಗೆ ಹೋಗಿ ನೀರು ಕುಡಿದು ಬಂದದ್ದನ್ನು ನುಂಗಲು ನನ್ನಿಂದಲೂ ಆಗಲಿಲ್ಲ. ಅಂದು ಅವರಿಗೆ ಊಟ ಬಡಿಸಲು ನಾನು ಏಳಲಿಲ್ಲ. ಅತ್ತೆಯೂ ಏಳಲಿಲ್ಲ.

ಮರುದಿನ ನಾದಿನಿ ಆಸ್ಪತ್ರೆಗೆ ಹೊರಟಳು. ನಾನೂ ಜೊತೆಗೆ ಹೋದೆ. ದರ್ಜಿ ಹೆಂಗಸಿನ ಕಾಲನ್ನು ಪ್ಲಾಸ್ಟರ್ ಹಾಕಿ ಎತ್ತಿ ಕಟ್ಟಿದ್ದರು. ನಾದಿನಿ ತಾನು ಯಾರೆಂದು ಹೇಳಿದ್ದೇ ತಡ, ಆಕೆ ದಿಂಬಿನಿಂದ ಅರ್ಧ ಮೇಲೆದ್ದಳು.

"ಬಂದ್ರಾ? ಯಾರಾದ್ರೂ ಒಬ್ರು ಬರ್ಲಿ ಅಂತ ಕಾಯ್ತಿದ್ದೆ. ಕಂಪನಿಯವರು ಹಣ್ಣಿನ ಬುಟ್ಟಿ ಕಳಿಸಿದ್ರು. ಬೈಯೋಣ ಅಂದ್ರೆ ತಂದವನು ಬುಟ್ಟಿ ಹೊರೋ ಹುಡುಗ. ಬಸ್ಸಿಗೆ ಬೈಯಲಾ? ನನ್ನದು ಕಾಲಲ್ಲಿ ತುಳಿಯೋ ಹೊಲಿಗೆ ಮಿಷನ್ನು. ಈ ಕಾಲೇ ನನ್ನ ಕೆಲಸ. ನೀವು ಮುಂದೆ ಕೂತಿದ್ರಲ್ಲ, ನಾನು ಕಾಣ್ಲಿಲ್ವಾ?"

"ಕಂಡ್ರಿ" ಎಂದಳು ನಾದಿನಿ.

"ಕಂಡ್ರೆ ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಅದೇ ನಿಲ್ಲುತ್ತೆ ಅಂತ ಕಾದೆ. ಕಾಯಬಾರದಿತ್ತು."

ಆಕೆ ಬೈದಳು. ಬಾಯಿಗೆ ಬಂದಂತೆ ಬೈದಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು, ನರ್ಸ್ ಓಡಿ ಬಂದಳು. ನಾದಿನಿ ಒಂದು ಮಾತೂ ಎದುರಾಡದೆ ನಿಂತು ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: "ಇಷ್ಟು ದಿನದಲ್ಲಿ ನೇರವಾಗಿ ಮಾತಾಡಿದವರು ಇವರೊಬ್ರೇ ಅತ್ತಿಗೆ. ಇವರು ಬೈದಿದ್ದು ಬಸ್ ನಿಲ್ಲಿಸದವಳಿಗೆ. ಉಳಿದವರೆಲ್ಲ ಬೈತಿರೋದು ಹೆಂಗಸಿಗೆ."

ಅಪಘಾತದ ವಿಚಾರಣೆ ನಗರಸಭೆಯ ಹಾಲಿನಲ್ಲಿ ನಡೆಯಿತು. ಸಾರ್ವಜನಿಕರೂ ಬರಬಹುದು ಎಂದಿದ್ದರು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಕಂಪನಿಯವರು ದೊಡ್ಡ ಪರದೆಯಲ್ಲಿ ಏನೇನೋ ಗೆರೆಗಳನ್ನು ತೋರಿಸಿದರು. ನನಗೆ ಅರ್ಥವಾದದ್ದು ಇಷ್ಟೇ: ಗಂಟಿನೊಂದಿಗೆ ಸೈಕಲ್ ತಳ್ಳುವ ಮನುಷ್ಯರನ್ನು ಯಂತ್ರ ಗುರುತಿಸಲಿಲ್ಲ, ಅದು ಗುರುತಿಸದಿದ್ದಾಗ ಮನುಷ್ಯರು ನೋಡಿಕೊಳ್ಳಬೇಕಿತ್ತು. ನಾದಿನಿಯ ಸರದಿ ಬಂದಾಗ ಅವಳು ಎಂಜಿನಿಯರ್ ಹೇಳಿದ್ದನ್ನೂ ಮ್ಯಾನೇಜರ್ ಹೇಳಿದ್ದನ್ನೂ ಹೇಳಿದಳು. ಎಂಜಿನಿಯರ್ ಎದ್ದು, "ನಾನು ಹೇಳಿದ್ದು ಅನಗತ್ಯವಾಗಿ ಮುಟ್ಟಬೇಡಿ ಅಂತ" ಎಂದ. ಮ್ಯಾನೇಜರ್ ನೆಲ ನೋಡುತ್ತಿದ್ದ. ಅವಳ ದನಿ ಏರಿತು.

"ಸಮಾಧಾನ ಮಾಡ್ಕೊಳ್ಳಿ ತಾಯಿ, ಭಾವುಕರಾಗಬೇಡಿ" ಎಂದರು ವಿಚಾರಣಾ ಸಮಿತಿಯ ಅಧ್ಯಕ್ಷರು.

"ಇದು ಭಾವುಕತೆ ಅಲ್ಲ, ಸಿಟ್ಟು! ಫೋಟೋ ತೆಗೆಸ್ಕೊಳ್ಳೋಕೆ ನಾನು ಬೇಕು, ಮುಟ್ಟಬೇಡ ಅನ್ನಿಸ್ಕೊಳ್ಳೋಕೆ ನಾನು ಬೇಕು, ಗುದ್ದಿದ ಮೇಲೆ ಯಾಕೆ ಮುಟ್ಟಲಿಲ್ಲ ಅನ್ನೋಕೂ ನಾನೇ ಬೇಕು. ಆ ಜಾಗದಲ್ಲಿ ಗಂಡಸು ಕೂತಿದ್ದಿದ್ರೆ ಅವನ ಅರ್ಹತೆ ಕೇಳ್ತಿದ್ರಾ ನೀವು? ನಾನು ತಡ ಮಾಡಿದೆ. ಅದನ್ನ ಆ ಹೆಂಗಸಿನ ಮುಖ ನೋಡಿಯೇ ಹೇಳಿ ಬಂದಿದೀನಿ. ನಿಮ್ಮಲ್ಲಿ ಒಬ್ಬರಾದ್ರೂ ಹೋಗಿದ್ರಾ ಅಲ್ಲಿಗೆ?"

ಹಾಲಿನಲ್ಲಿ ಗದ್ದಲವೆದ್ದಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನನ್ನ ಗಂಡ ಎದ್ದು ನಿಂತರು. ಅವರು ಬಂದದ್ದು ನನಗೂ ಗೊತ್ತಿರಲಿಲ್ಲ. "ಅಧ್ಯಕ್ಷರೇ, ಅವಳು ನನ್ನ ತಂಗಿ. ಅವಳು ಹೇಳ್ತಿರೋದು ನಿಜ" ಎಂದು ಶುರು ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಅಲ್ಲಿಂದ ಟ್ಯಾಕ್ಸಿ ಚಾಲಕರ ಕಷ್ಟಕ್ಕೆ ಹೋದರು, ಸಂಘದ ಬೇಡಿಕೆಗಳಿಗೆ ಹೋದರು, ಸರ್ಕಾರವನ್ನೂ ಸೇರಿಸಿಕೊಂಡರು. ನಿಂತಿದ್ದ ತಂಗಿ ನಿಂತೇ ಇದ್ದಳು.

"ಅಣ್ಣಾ, ಕೂತ್ಕೋ. ಇದು ನನ್ನ ಸರದಿ."

ಅವರಿಗೆ ಕೇಳಿಸಿತೋ ಇಲ್ಲವೋ, ಮಾತು ಮುಂದುವರಿಸಿದರು.

"ಕೂತ್ಕೋ ಅಂದೆ!"

ನನ್ನ ಗಂಡ ಕೂತರು. ಅವರ ಮುಖ ಕೆಂಪಾಗಿತ್ತು. ಅವಳು ಉಳಿದದ್ದನ್ನು ಹೇಳಿ ಮುಗಿಸಿದಳು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ತೀರ್ಮಾನ ಬಂದಾಗ ಯಾರಿಗೂ ಸಮಾಧಾನವಾಗಲಿಲ್ಲ. ಪ್ರಯೋಗ ಸದ್ಯಕ್ಕೆ ನಿಲ್ಲಬೇಕು, ಮುಂದೆ ನಡೆಸುವುದಾದರೆ ಕೂತವರ ಕೈ ಸ್ಟೇರಿಂಗ್ ಮೇಲಿರಬೇಕು, ದರ್ಜಿಯ ಚಿಕಿತ್ಸೆ ಮತ್ತು ಪರಿಹಾರ ಕಂಪನಿಯ ಹೊಣೆ. ನಾದಿನಿಗೆ ಲಿಖಿತ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ವಾಪಸು ತೆಗೆದುಕೊಂಡರು. ಎಂಜಿನಿಯರಿಗೆ ಏನೂ ಆಗಲಿಲ್ಲ. ಮ್ಯಾನೇಜರಿಗೆ ಬಡ್ತಿ ಸಿಕ್ಕಿತು. ಅವಳು ತನ್ನ ಹಳೇ ರೂಟಿನ ಹಳೇ ಬಸ್ಸಿಗೆ ಮರಳಿದಳು. ಮೊದಲ ದಿನ ಸ್ಟಾಪಿನಲ್ಲಿ ಒಬ್ಬ ಅವಳನ್ನು ನೋಡಿ ಹತ್ತದೆ ಹಿಂದೆ ಸರಿದನಂತೆ. "ಮುಂದಿನ ಬಸ್ಸಿಗೆ ಬನ್ನಿ, ಅದೂ ನಂದೇ" ಎಂದು ಬಾಗಿಲು ಹಾಕಿದಳಂತೆ.

ಅಣ್ಣ ತಂಗಿ ಬಹಳ ದಿನ ಮಾತಾಡಲಿಲ್ಲ. ಆ ಮೌನ ಜಗಳಕ್ಕಿಂತ ಕೆಟ್ಟದಾಗಿತ್ತು. ಟಿವಿ ತನ್ನ ಪಾಡಿಗೆ ತಾನು ಕೂಗುತ್ತಿತ್ತು, ಎಳೆಯುವವರಿರಲಿಲ್ಲ. ಕೊನೆಗೆ ಒಂದು ಸಂಜೆ, ತಾನೇ ಓಡುವ ಟ್ಯಾಕ್ಸಿಗಳಿಗೂ ಪರವಾನಗಿ ಕೊಡುತ್ತಾರೆಂಬ ಸುದ್ದಿ ಬಂತು. ಸಂಘದವರು ಮುಷ್ಕರಕ್ಕೆ ಹೊರಟರು. ನನ್ನ ಗಂಡ ತಟ್ಟೆ ನೋಡುತ್ತಲೇ ಹೇಳಿದರು: "ನಿಮ್ಮ ಡಿಪೋದವರೂ ಬೆಂಬಲ ಕೊಟ್ರೆ ಒಳ್ಳೇದು."

"ಯಾರಿಗೆ ಹೇಳ್ತಿದೀಯ? ತಟ್ಟೆಗಾ?"

"ನಿನಗೇ."

"ನಿಮ್ಮ ಸಂಘದ ಸಮಿತಿಯಲ್ಲಿ ಹೆಂಗಸರು ಯಾರಿದ್ದಾರೆ?"

"ಟ್ಯಾಕ್ಸಿ ಓಡಿಸೋ ಹೆಂಗಸರೇ ಬೆರಳೆಣಿಕೆ. ಸಮಿತಿಗೆ ಎಲ್ಲಿಂದ ತರೋದು?"

"ಆ ಬೆರಳೆಣಿಕೆಯಲ್ಲೇ ಒಬ್ಬರನ್ನ ತನ್ನಿ. ಒಂದು ಜಾಗ ಅವರಿಗೆ ಅಂತಾನೇ ಬಿಡಿ. ಆಮೇಲೆ ಬೆಂಬಲ ಕೇಳು."

"ಮುಷ್ಕರದ ಮಧ್ಯೆ ಮತ್ತೆ ನಿನ್ನ ಕೋಟಾ ಶುರುವಾಯ್ತಾ!" ಅವರು ತುತ್ತನ್ನು ತಟ್ಟೆಗೆ ಎಸೆದರು. ಅವಳೂ ಬಿಡಲಿಲ್ಲ. ಇಬ್ಬರ ದನಿಯೂ ಪಕ್ಕದ ಮನೆಯವರಿಗೆ ಕೇಳಿಸುವಷ್ಟಾಯಿತು. ಅತ್ತೆ ಎದ್ದು ಕಿಟಕಿ ಮುಚ್ಚಿದರು. ಈ ಸಲ ಬಾಯಿ ಮುಚ್ಚಿಕೊಳ್ಳಿ ಎನ್ನಲಿಲ್ಲ.

ಸಂಘದ ಸಭೆಯಲ್ಲಿ ಹೆಂಗಸರಿಗೊಂದು ಜಾಗ ಎಂಬ ಮಾತು ಬಂತು, ಮತಕ್ಕೆ ಹಾಕಿದಾಗ ಬಿದ್ದೂ ಹೋಯಿತು. ನನ್ನ ಗಂಡ ಅದರ ವಿರುದ್ಧವೇ ಕೈ ಎತ್ತಿದರು, ಮನೆಗೆ ಬಂದು ಅದನ್ನು ಮುಚ್ಚಿಡದೆ ಹೇಳಿದರು. ನಾದಿನಿ ಮುಷ್ಕರಕ್ಕೆ ಹೋಗಲಿಲ್ಲ. ಅಂದೂ ತನ್ನ ಬಸ್ಸನ್ನು ಹೊರಗೆ ತೆಗೆದಳು.