ನಾನು ಕಲಿಸಿದ ಉಸಿರು

ಪಾತ್ರೆ ಉಜ್ಜುವ ಸದ್ದು ನಡುವೆ ನಿಲ್ಲುತ್ತಿತ್ತು. ನಾಲ್ಕು ಎಣಿಸುವಷ್ಟು ಮೌನ, ಆಮೇಲೆ ಉದ್ದಕ್ಕೆ ಬಿಟ್ಟ ಒಂದು ಉಸಿರು, ಮತ್ತೆ ಸ್ಟೀಲಿನ ಮೇಲೆ ನಾರಿನ ಗೀರು. ಪಕ್ಕದ ಫ್ಲ್ಯಾಟಿನಲ್ಲಿ ಯಾರಾದರೂ ಪಾತ್ರೆ ತೊಳೆಯುವಾಗ ನಾನು ಇವತ್ತಿಗೂ ಆ ಮೌನಕ್ಕೆ ಕಾಯುತ್ತೇನೆ... ಅದು ಬರುವುದಿಲ್ಲ.

ದಿಲ್‌ಸುಖ್‌ನಗರದ ನಮ್ಮ ಮನೆಗೆ ಅವಳು ಆರು ವರ್ಷ ಕೆಲಸಕ್ಕೆ ಬಂದಳು. ಯಾದಗಿರಿ ಕಡೆಯವಳು, ಗಂಡ ಕಟ್ಟಡದ ಕೆಲಸಗಾರ. ಹೊರಗೆಲ್ಲ ತೆಲುಗು ಆಡಿ ಬಂದು ನನ್ನೆದುರು ಕನ್ನಡ ಬಿಚ್ಚುತ್ತಿದ್ದಳು.

ನನ್ನ ಬೆನ್ನುನೋವು ಹಳೆಯದು. ಮಾತ್ರೆಗಳು ಹೊಟ್ಟೆ ಸುಟ್ಟ ಮೇಲೆ ಡಾಕ್ಟರು ಪೇನ್ ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿ ಕಲಿಸಿದ್ದು ಇಷ್ಟು: ಕಣ್ಣು ಮುಚ್ಚಿ ನೋವನ್ನು ನೋಡುವುದು, ಅದಕ್ಕೆ ಝೀರೋದಿಂದ ಟೆನ್‌ವರೆಗೆ ಒಂದು ನಂಬರ್ ಕೊಡುವುದು, ಉಸಿರಿನ ಜೊತೆ ಅದನ್ನು ಸಡಿಲ ಬಿಡುವುದು. ನನಗೆ ನಿಜಕ್ಕೂ ಗುಣ ಕಂಡಿತು. ಹಾಗಾಗಿ ಅವಳು ಸೊಂಟ ಹಿಡಿದು ನಿಂತ ದಿನ ನಾನು ಟೀಚರ್ ಆಗಿಬಿಟ್ಟೆ.

"ಇವತ್ತೆಷ್ಟವಾ?"

"ಏಳ್ರಿ."

"ಉಸಿರು ಬಿಡು. ಈಗ?"

"ಐದು ಅನ್ರಿ... ಹೋಗ್ಲಿ, ನಾಕ ಅನ್ರಿ. ಕಾಯಿಪಲ್ಲೆ ತಗೊಂಡಂಗ ಚೌಕಾಶಿ ಮಾಡತೀರಲ್ರಿ ಅಮ್ಮಾರ."

ಇಬ್ಬರೂ ನಗುತ್ತಿದ್ದೆವು. ಶಾಲೆ ಕಲಿತ ಕಾನ್ವೆಂಟಿನ ಸಿಸ್ಟರ್‌ಗಳಿಂದ ಬಂದ ಧ್ವನಿಯಲ್ಲಿ ನಾನು "ವೆರಿ ಗುಡ್" ಎನ್ನುತ್ತಿದ್ದೆ. ವಾರ ವಾರಕ್ಕೂ ಅವಳ ನಂಬರ್ ಇಳಿಯಿತು. ಮೈ ಇಳಿದು ಸೀರೆಯ ನೆರಿಗೆಗಳು ಹೆಚ್ಚಾಗುತ್ತ ಹೋದವು. ನಾನು ನಂಬರನ್ನೇ ನೋಡಿದೆ. ದವಾಖಾನಿಗೆ ಹೋಗಲೇನ್ರಿ ಎಂದು ಒಮ್ಮೆ ಕೇಳಿದ್ದಳು.

"ಎರಡಕ್ಕ ಬಂದದಲ್ಲ, ಇನ್ನ್ಯಾಕ? ಪ್ರ್ಯಾಕ್ಟೀಸ್ ಬಿಡಬ್ಯಾಡ," ಎಂದೆ. ಹಾಗೆಂದವಳು ನಾನೇ.

ಮಳೆಗಾಲದ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದಳು. ಗರ್ಭಕೋಶದ ಕ್ಯಾನ್ಸರ್, ಬೆನ್ನೆಲುಬಿಗೂ ಹಬ್ಬಿತ್ತು. ನನಗೆ ಉಸಿರಾಟ ಕಲಿಸುವ ಮೊದಲು ಕ್ಲಿನಿಕ್ಕಿನವರು ಸ್ಕ್ಯಾನ್ ಮಾಡಿಸಿದ್ದರು, ರಕ್ತ ಪರೀಕ್ಷೆ ಮಾಡಿಸಿದ್ದರು. ಅವಳಿಗೆ ನಾನು ಉಸಿರನ್ನಷ್ಟೇ ಕಲಿಸಿದ್ದೆ.

ಕಡೆಯ ಸಲ ನೋಡಿದ್ದು ಅವಳು ತೀರಿಹೋಗುವ ಎರಡು ದಿನ ಮೊದಲು, ಜನರಲ್ ವಾರ್ಡಿನಲ್ಲಿ. ಕಣ್ಣು ಮುಚ್ಚಿ ಮಲಗಿದ್ದಳು. ಮಂಚದ ಕಂಬಿ ಹಿಡಿದ ಬೆರಳುಗಳು ಬಿಳಿಚಿದ್ದವು.

"ಈಮೆ ಮಂಚಿದಮ್ಮಾ, ಅಸಲು ಗೊಡವ ಚೆಯ್ಯದು," ಎಂದಳು ನರ್ಸ್. ಗಲಾಟೆಯೇ ಮಾಡದ ಒಳ್ಳೆಯ ಪೇಷೆಂಟ್ ಅಂತೆ. ನೋವಿನ ಇಂಜೆಕ್ಷನ್ ಕೂಗಿದವರಿಗೆ ಮೊದಲು ಹೋಗುತ್ತಿತ್ತು.

ಮಂಚದ ಮೇಲೆ ಬಾಗಿದೆ. "ಎಷ್ಟದ? ಖರೇ ಹೇಳು."

"ಹತ್ರಿ. ಯಾವಾಗ್ಲೂ ಹತ್ತ ಇತ್ರಿ ಅಮ್ಮಾರ... ನೀವು ಅಷ್ಟು ಮನಸಿಟ್ಟು ಕಲಿಸಾಕತ್ತಿದ್ರಿ, ಹೆಂಗ ಹೇಳ್ಲಿ?"

"ಕೂಗವಾ. ಜೋರಾಗಿ ಕೂಗು, ಬರ್ತಾರ."

"ಇಷ್ಟು ಮಂದ್ಯಾಗ? ಹೆಂಗರೀ..."

ಆಗ ನಾನೇ ಕೂಗಿದೆ. ಇಂಗ್ಲಿಷ್, ತೆಲುಗು, ಕನ್ನಡ, ಬಾಯಿಗೆ ಬಂದದ್ದರಲ್ಲಿ. ಇಡೀ ವಾರ್ಡ್ ತಿರುಗಿ ನೋಡಿತು. ನರ್ಸ್ ಸಿರಿಂಜ್ ಹಿಡಿದು ಓಡಿ ಬಂದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದುದಕ್ಕೆ ಮಂಚದ ಮೇಲಿದ್ದ ಅವಳು ನಾಚಿಕೊಂಡು, ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.